ನೀಲಾವತಿಗೆ ಒಂದು ಪ್ರಿಂಟರ್

ನವೆಂಬರ್ 4, ಸೋಮವಾರ

ನೀಲಾವತಿ ದಿನಕ್ಕೆ ಏನೇನು ಮಾತಾಡಿದಳು ಎಂದು ಒಂದು ಪುಸ್ತಕದಲ್ಲಿ ಬರೆದಿಡಲು ಮೂಡುಬಿದಿರೆಯ ಸಜ್ನಾ ಮೇಡಂ ಹೇಳಿದ್ದಾರೆ. ಮಾತು ಹೋದವರಿಗೆ ಮಾತು ಕಲಿಸುವ ಮೇಡಂ ಅವರು. ಪುಸ್ತಕ ತಂದಾಯಿತು, ಆದರೆ ಬರೆಯಲು ಅವಳ ಮಾತೇ ಇಲ್ಲ. ಪುಟ ಖಾಲಿ ಬಿಡಲು ಮನಸ್ಸು ಬರಲಿಲ್ಲ. ಅದಕ್ಕೆ ನನ್ನದನ್ನೇ ಬರೆಯುತ್ತಿದ್ದೇನೆ. ಮೇಡಂಗೆ ತೋರಿಸಲು ಬೇರೆ ಪುಸ್ತಕ ತೆಗೆದುಕೊಳ್ಳಬೇಕು.

ಸೆಪ್ಟೆಂಬರ್ ಮೊದಲ ವಾರ ಪುಂಜಾಲಕಟ್ಟೆಯ ನಮ್ಮ ಕ್ಯಾಂಟೀನಿನಲ್ಲಿ ಗಿರಾಕಿಯೊಬ್ಬರಿಗೆ ಚಿಲ್ಲರೆ ಕೊಡುತ್ತಾ ಮಾತಾಡುತ್ತಿದ್ದವಳು ಮಾತಿನ ನಡುವೆಯೇ ನಿಂತಳು. ತಲೆಯ ಒಳಗೆ ರಕ್ತ ಹೆಪ್ಪುಗಟ್ಟಿತ್ತು ಎಂದರು ಡಾಕ್ಟರು. ಈಗ ಗೋಡೆ ಹಿಡಿದು ನಡೆಯುತ್ತಾಳೆ. ಬಲಗೈ ಸ್ವಲ್ಪ ಸ್ವಲ್ಪ ಏಳುತ್ತದೆ. ಮಾತು ಮಾತ್ರ ಬರಲಿಲ್ಲ. ಬಾಯಿ ತೆರೆದರೆ ಗಾಳಿ ಬರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಮೊದಲ ಆರು ತಿಂಗಳು ಮುಖ್ಯ, ಆಗ ಬಂದದ್ದು ಬಂದ ಹಾಗೆ ಎಂದರು ಮೇಡಂ. ಎರಡು ತಿಂಗಳು ಹೋಯಿತು.

ಇಪ್ಪತ್ತೇಳು ವರ್ಷ ನಾನು ಒಲೆಯ ಮುಂದೆ ಸುಮ್ಮನೆ ನಿಂತವನು. ಮಾತೆಲ್ಲ ಅವಳದ್ದೇ.

ಮೇಡಂ ಹನ್ನೆರಡು ಕಾರ್ಡು ಕೊಟ್ಟಿದ್ದಾರೆ. ಒಂದೊಂದರಲ್ಲಿ ಒಂದು ಚಿತ್ರ, ಕೆಳಗೆ ಒಂದು ಶಬ್ದ. ನೀರು, ಅನ್ನ, ಬೆಕ್ಕು, ಹೀಗೆ. ತೋರಿಸಿ ಹೇಳಬೇಕು, ಅವಳು ಮುಟ್ಟಬೇಕು, ಹೇಳಲು ನೋಡಬೇಕು.

ನವೆಂಬರ್ 7, ಗುರುವಾರ

ಕಾರ್ಡುಗಳು ಹಾಳಾದವು. ಅವಳ ಬಾಯಿಯ ಒಂದು ಮೂಲೆ ಯಾವಾಗಲೂ ಒದ್ದೆ. ಅದನ್ನು ಒರೆಸಿದ ಕೈಯಲ್ಲೇ ಕಾರ್ಡು ಹಿಡಿಯುತ್ತಾಳೆ. ನೀರಿನ ನೀಲಿ ಅನ್ನದ ತಟ್ಟೆಗೆ ಇಳಿದಿದೆ. ಬೆಕ್ಕಿಗೆ ಮುಖ ಇಲ್ಲ. ಮೇಡಂ ಏನು ಹೇಳುತ್ತಾರೋ. ನಾನು ಜಾಗ್ರತೆ ಮಾಡಲಿಲ್ಲ ಎಂದು ಹೇಳಿದರೆ?

ಫೋನ್ ಮಾಡಿದೆ. ಬೈಯಲಿಲ್ಲ. "ಹರಡಲಿ ಬಿಡಿ, ಕಾರ್ಡು ಇರುವುದು ಮುಟ್ಲಿಕ್ಕೇ ಅಲ್ವಾ? ಇನ್ನು ನಿಮ್ಮ ಮನೆಯದ್ದೇ ಫೋಟೋ ತೆಗೆದು ಮಾಡಿ. ನಿಮ್ಮದೇ ಬಾವಿ, ನಿಮ್ಮದೇ ತಟ್ಟೆ. ಬಚ್ಚಲು, ಕಕ್ಕಸು, ಉಡುವ ಬಟ್ಟೆ, ಅದೆಲ್ಲ ಮೊದಲು ಬೇಕು" ಎಂದರು.

ನವೆಂಬರ್ 8, ಶುಕ್ರವಾರ

ಫೋಟೋ ತೆಗೆದು ಪೇಟೆಯ ಝೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯವ ನನ್ನ ಫೋನಿನಿಂದ ತೆಗೆದದ್ದು ದೊಡ್ಡ ಪರದೆಯಲ್ಲಿ ಬಂತು. ನಮ್ಮ ಬಚ್ಚಲು. ನಮ್ಮ ಕಕ್ಕಸು. ಮತ್ತೆ ನೀಲಾವತಿಯ ಒಳಲಂಗ. ನನ್ನ ಹಿಂದೆ ಕಾಲೇಜಿನ ಇಬ್ಬರು ಹುಡುಗಿಯರು, ಅವರ ಹಿಂದೆ ರೇಷನ್ ಅಂಗಡಿಯವರು. ಹುಡುಗಿಯೊಬ್ಬಳು ಇನ್ನೊಬ್ಬಳ ಕೈ ಚಿವುಟಿದಳು.

ಬೇಡ, ಅಳಿಸಿ ಎಂದು ಬಂದುಬಿಟ್ಟೆ.

ಒಳಲಂಗವನ್ನು ಹಗ್ಗದಲ್ಲಿ ಹಾಕಿ ಅದರ ಮೇಲೆ ಮೈ ಒರೆಸುವ ಬೈರಾಸು ಹರಡಿ ಒಣಗಿಸುತ್ತಿದ್ದವಳು ಅವಳು. ಅವಳಿಗೆ ಗೊತ್ತಾದರೆ ಏನು ಹೇಳುತ್ತಾಳೆ? ಹೇಳುವುದಿಲ್ಲ. ಅದೇ ಕಷ್ಟ.

ನವೆಂಬರ್ 10, ಭಾನುವಾರ

ಬೆಳುವಾಯಿಯಿಂದ ಮಗಳು ಸುರಕ್ಷಾ ಬಂದಿದ್ದಳು. ಅಲ್ಲಿನ ಸೊಸೈಟಿಯಲ್ಲಿ ಕೆಲಸ ಅವಳಿಗೆ. ಝೆರಾಕ್ಸ್ ಅಂಗಡಿಯ ವಿಷಯ ಹೇಳಿದೆ. ಅವಳು, "ಪಪ್ಪ, ಮನೆಯಲ್ಲೇ ಒಂದು ಪ್ರಿಂಟರ್ ಇಡುವ" ಎಂದಳು.

"ನನಗೆ ಮಿಕ್ಸಿಯೇ ಹೆದರಿಕೆ."

"ಮಿಕ್ಸಿಗಿಂತ ಸುಲಭ. ಫೋನಿನಲ್ಲಿ ಒತ್ತಿದರೆ ಬರ್ತದೆ. ಇಂಕಿನದ್ದು ಬೇಡ, ಅದು ಒದ್ದೆಯಾದರೆ ಹರಡ್ತದೆ. ಲೇಸರ್ ತೆಗೆಯುವ. ಅದರಲ್ಲಿ ಇಂಕ್ ಅಲ್ಲ, ಪುಡಿ. ಬಿಸಿಯಲ್ಲಿ ಪುಡಿ ಕರಗಿ ಕಾಗದಕ್ಕೆ ಅಂಟಿಕೊಳ್ತದೆ."

ಬ್ಯಾಗಿನಿಂದ ಅವರ ಸೊಸೈಟಿಯ ಬಣ್ಣದ ನೋಟೀಸು ತೆಗೆದು ನನ್ನ ನೀರಿನ ಲೋಟದಲ್ಲಿ ಮುಳುಗಿಸಿದಳು. ನಾನು ಬೊಬ್ಬೆ ಹಾಕಿದೆ. ಹೊರಗೆ ತೆಗೆದಾಗ ಒಂದು ಅಕ್ಷರವೂ ಅಲ್ಲಾಡಿರಲಿಲ್ಲ. ನೀಲಾವತಿ ಮಂಚದಿಂದ ನೋಡುತ್ತಿದ್ದಳು. ಅವಳ ತುಟಿಯ ಸರಿ ಇರುವ ಬದಿ ಸ್ವಲ್ಪ ನಕ್ಕ ಹಾಗೆ ಆಯಿತು.

ಸುರಕ್ಷಾ ಹೋದ ಮೇಲೆ ನೋಟೀಸನ್ನು ಪುನಃ ಲೋಟಕ್ಕೆ ಹಾಕಿ ಸಂಜೆಯವರೆಗೆ ಇಟ್ಟೆ. ಕಾಗದ ಮೆತ್ತಗಾಯಿತು, ಬಣ್ಣ ಹೋಗಲಿಲ್ಲ.

ನವೆಂಬರ್ 12, ಮಂಗಳವಾರ

ಪಕ್ಕದ ಮನೆಯ ಬೀಪಾತುಮ್ಮನನ್ನು ನೀಲಾವತಿಯ ಹತ್ತಿರ ಕೂರಿಸಿ ಬಂಟ್ವಾಳದ ಬಿ.ಸಿ. ರೋಡಿಗೆ ಹೋದೆ. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಬಸ್ಸಿನಿಂದ ಎರಡು ಸಲ ಫೋನ್ ಮಾಡಿದೆ. ಎರಡನೆಯ ಸಲ ಬೀಪಾತುಮ್ಮ, "ಬಂದ್ ಉಂಟು. ಇನ್ನು ನಿನ್ನ ಫೋನೂ ಬಂದ್ ಮಾಡು" ಎಂದು ಇಟ್ಟರು.

ಅಂಗಡಿ ನಿಝಾರನದ್ದು. ಹಿಂದೆ ನಮ್ಮ ಕ್ಯಾಂಟೀನಿಗೆ ಬನ್ಸ್ ತಿನ್ನಲು ಬರುತ್ತಿದ್ದವ.

"ಎಂತ ಶೇಷಪ್ಪಣ್ಣ, ಕ್ಯಾಂಟೀನಿಗೆ ಬಿಲ್ ಮೆಷಿನಾ?"

ಇಲ್ಲ, ಹೀಗೆ ಹೀಗೆ ಎಂದೆ. ಅವನ ಮುಖ ಬದಲಾಯಿತು. ಸ್ಟೂಲು ತಂದು ಕೂರಿಸಿದ. ದಿನಕ್ಕೆ ಎಷ್ಟು ಹಾಳೆ, ದಪ್ಪ ಕಾಗದ ಬೇಕಾ, ಎಲ್ಲಿ ಇಡುತ್ತೀರಿ ಎಂದು ಕೇಳಿದ. ಕಿಸೆಯಿಂದ ನೂಲು ತೆಗೆದು ಕೊಟ್ಟೆ. ಮಂಚದ ತಲೆಯ ಹತ್ತಿರ ಕಿಟಕಿಯ ಕೆಳಗಿನ ಜಾಗವನ್ನು ನೂಲಿನಲ್ಲೇ ಅಳೆದು ಗಂಟು ಹಾಕಿ ತಂದಿದ್ದೆ. ಒಂದು ಗಂಟಿನವರೆಗೆ ಅಗಲ, ಇನ್ನೊಂದರವರೆಗೆ ಎತ್ತರ. ಅವನು ನಗದೆ ಆ ನೂಲನ್ನು ಒಂದೊಂದು ಮೆಷಿನಿಗೆ ಹಿಡಿದು ನೋಡಿದ.

ದೊಡ್ಡದೊಂದು ಇತ್ತು, ಕಾಪಿಯೂ ಮಾಡುತ್ತದಂತೆ. ನೂಲು ಸಾಲಲಿಲ್ಲ. ಇಂಕಿನದ್ದು ಅಗ್ಗ, ಆದರೆ ಹರಡುತ್ತದೆ, ಮತ್ತೆ ಬಳಸದೆ ಬಿಟ್ಟರೆ ಒಣಗುತ್ತದೆ. ಬಿಳಿ ಬಣ್ಣದ ಸಣ್ಣ ಲೇಸರ್ ಒಂದು ಎರಡೂ ಗಂಟಿನ ಒಳಗೆ ಕೂತಿತು.

"ಇದರಲ್ಲಿ ನಾಲ್ಕು ಪುಡಿ ಡಬ್ಬಿ. ಕಪ್ಪು, ನೀಲಿ, ಕೆಂಪು, ಹಳದಿ. ಮೊದಲು ಬರುವ ಡಬ್ಬಿ ಅರ್ಧವೇ ತುಂಬಿರ್ತದೆ, ಈಗಲೇ ಹೇಳ್ತೇನೆ, ಮತ್ತೆ ನನ್ನನ್ನು ಬೈಯಬೇಡಿ. ದಪ್ಪ ಕಾಗದ ಒಂದೊಂದೇ ಕೊಡಬೇಕು. ಡ್ರಮ್ ಮಾತ್ರ ಬೇರೆ. ತುಂಬ ಸಮಯದ ಮೇಲೆ ಬದಲಾಯಿಸ್ಲಿಕ್ಕೆ ಉಂಟು."

"ಡ್ರಮ್ ಮನೆಯಲ್ಲಿ ಎರಡು ಉಂಟು. ನೀಲಿಯದ್ದು. ನೀರು ತುಂಬಿಸುವುದು."

ಆಗ ನಕ್ಕ. ಮೆಷಿನಿನ ಹೊಟ್ಟೆಯೊಳಗೆ ಒಂದು ಉರುಳೆ, ಅದಕ್ಕೆ ಡ್ರಮ್ ಎಂದು ಹೆಸರು ಎಂದು ತೆರೆದು ತೋರಿಸಿದ. ನಾನೂ ನಕ್ಕೆ. ನಕ್ಕು ಎಷ್ಟು ದಿನವಾಯಿತು!

ಆದರೆ ತೆಗೆದುಕೊಳ್ಳಲಿಲ್ಲ. ಅವನ ಮಾತು ಮುಗಿಯುವಾಗ, "ಇನ್ವರ್ಟರಿಗೆ ಹಾಕಬೇಡಿ, ಬಿಸಿಯಾಗುವಾಗ ತುಂಬ ಕರೆಂಟ್ ಎಳೀತದೆ" ಎಂದ. ಆ ಒಂದು ಮಾತು ಸಾಕಾಯಿತು ನನಗೆ.

ನವೆಂಬರ್ 13, ಬುಧವಾರ

ಬೆಂಕಿ ಹಿಡಿದರೆ? ಅವಳು ಮಂಚದಲ್ಲಿ ಇರುವಾಗ, ನಾನು ಕ್ಯಾಂಟೀನಿನಲ್ಲಿ ಇರುವಾಗ? ಕೂಗಲೂ ಆಗುವುದಿಲ್ಲ ಅವಳಿಗೆ.

ಆ ಪುಡಿ ಶ್ವಾಸಕ್ಕೆ ಹೋದರೆ?

ನವೆಂಬರ್ 16, ಶನಿವಾರ

ತೆಗೆದುಕೊಂಡೆ.

ನಡೆದದ್ದು ಹೀಗೆ. ಬೆಳಿಗ್ಗೆ ನೀಲಾವತಿ ಮೂರು ಸಲ ಕೈ ತೋರಿಸಿದಳು. ನಾನು ನೀರು ಕೊಟ್ಟೆ, ಗಂಜಿ ಕೊಟ್ಟೆ, ಫ್ಯಾನ್ ಹಾಕಿದೆ. ಅವಳಿಗೆ ಬಚ್ಚಲಿಗೆ ಹೋಗಬೇಕಿತ್ತು. ನನಗೆ ಗೊತ್ತಾಗುವಾಗ ತಡವಾಗಿತ್ತು. ಒದ್ದೆ ಸೀರೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದಳು. ತೊಳೆಸಿ, ಬಟ್ಟೆ ಬದಲಾಯಿಸಿ, ಬೀಪಾತುಮ್ಮನನ್ನು ಕರೆದು ಸೀದಾ ಬಸ್ಸು ಹತ್ತಿದೆ.

ನಿಝಾರನಿಗೆ ಹೇಳಿದೆ, "ಆ ಬಿಳಿಯದ್ದು ಕೊಡು. ನಾನು ಮನೆಯಲ್ಲಿ ಇರುವಾಗ ಮಾತ್ರ ಸ್ವಿಚ್ ಹಾಕ್ತೇನೆ."

ಪುಡಿಯನ್ನು ಕೇಳಿದೆ. ಡಬ್ಬಿ ಒಡೆಯದಿದ್ದರೆ ಹೊರಗೆ ಬರುವುದಿಲ್ಲ, ಕಿಟಕಿ ತೆರೆದಿಡಿ ಎಂದ. ಕ್ಯಾಂಟೀನಿನ ಹೊಗೆ ಇಪ್ಪತ್ತೇಳು ವರ್ಷ ಕುಡಿದವರಿಗೆ ಇದು ಯಾವ ಲೆಕ್ಕ ಎಂದೂ ಹೇಳಿದ. ಅದು ಹೌದು.

ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಕೆಳಗೆ ಇಟ್ಟರೆ ಅಲುಗಾಡಬಹುದಲ್ಲ. ಇಳಿಯುವಾಗ ಎರಡು ಕಾಲೂ ಮರಗಟ್ಟಿತ್ತು.

ನವೆಂಬರ್ 17, ಭಾನುವಾರ

ಸುರಕ್ಷಾ ಜೋಡಿಸಿಕೊಟ್ಟಳು. ಕಿಟಕಿಯ ಕೆಳಗೆ ಸರಿ ಕೂತಿದೆ. ಬಿಸಿಯಾಗುವಾಗ ಗುಂಯ್ ಎನ್ನುತ್ತದೆ. ನಾನು ಬಾಗಿಲ ಹತ್ತಿರ ನಿಂತೆ. ಮೊದಲು ಬಂದದ್ದು ನಮ್ಮ ಬಾವಿ. ಕಾಗದ ಬೆಚ್ಚಗಿತ್ತು. ಸುರಕ್ಷಾ ಅದನ್ನು ತಾಯಿಯ ಕೆನ್ನೆಗೆ ಹಿಡಿದಳು. ನೀಲಾವತಿ ಕಣ್ಣು ಮುಚ್ಚಿದಳು.

ಇಪ್ಪತ್ತು ಕಾರ್ಡು ಆಯಿತು. ಒಳಲಂಗವೂ. ಯಾರೂ ನೋಡಲಿಲ್ಲ.

ನವೆಂಬರ್ 20, ಬುಧವಾರ

ಕಾರ್ಡು ಒದ್ದೆಯಾದರೂ ಹರಡುವುದಿಲ್ಲ. ಬಚ್ಚಲಿನದ್ದನ್ನು ಮುಟ್ಟಿ ತೋರಿಸುತ್ತಾಳೆ, ಈಗ ತಡವಾಗುವುದಿಲ್ಲ. ಅದು ದೊಡ್ಡ ಸಮಾಧಾನ.

ಮಾತಿಲ್ಲ.

ನವೆಂಬರ್ 22, ಶುಕ್ರವಾರ

"ಬೆಕ್ಕು" ಎಂದು ನಾನು ಐವತ್ತು ಸಲ ಹೇಳಿದೆ. ಬಾಯಿ ತೆರೆದಳು, ಮುಚ್ಚಿದಳು. ಕೊನೆಗೆ ಕಾರ್ಡನ್ನು ಮಂಚದ ಕೆಳಗೆ ಹಾಕಿದಳು.

ನವೆಂಬರ್ 23, ಶನಿವಾರ

ಮಾತಿಲ್ಲ. ಮೆಷಿನಿನ ಮೇಲೆ ಬಟ್ಟೆ ಮುಚ್ಚಿದೆ.

ನವೆಂಬರ್ 25, ಸೋಮವಾರ

ಇವತ್ತು ಮೂಡುಬಿದಿರೆಗೆ ಕರೆದುಕೊಂಡು ಹೋದೆ. ಮೇಡಂ ಕೋಣೆಯ ಬಾಗಿಲಲ್ಲಿ ಮೂರು ಮೆಟ್ಟಿಲು. ನೀಲಾವತಿ ನಿಂತಳು. "ಮೆಲ್ಲ ಬಲ, ಯಾನುಲ್ಲೆ" ಎಂದೆ. ಮೆಲ್ಲಗೆ ಬಾ, ನಾನಿದ್ದೇನೆ ಎಂದು. ಅವಳು ಕೂಡಲೇ ಕಾಲು ಎತ್ತಿದಳು.

ಮೇಡಂ ಮೇಜಿನಿಂದ ಎದ್ದು ಬಂದರು. "ಶೇಷಪ್ಪಣ್ಣ, ನೀವು ಮನೆಯಲ್ಲಿ ತುಳುವಾ ಮಾತಾಡುವುದು?"

ನನಗೆ ಏನೋ ತಪ್ಪು ಸಿಕ್ಕಿಬಿದ್ದ ಹಾಗೆ ಆಯಿತು. "ಹೌದು ಮೇಡಂ."

"ಫಾರ್ಮಿನಲ್ಲಿ ಕನ್ನಡ ಅಂತ ಬರೆದಿದ್ದೀರಲ್ಲ?"

"ಫಾರ್ಮಿನಲ್ಲಿ ಕನ್ನಡವೇ ಬರೆಯುವುದಲ್ವಾ ಮೇಡಂ?"

ಅವರು ಹಣೆ ಹಿಡಿದುಕೊಂಡು ಕೂತರು. ನಾನು ವಿವರಿಸಿದೆ. ಶಾಲೆಯಲ್ಲಿ, ಬ್ಯಾಂಕಿನಲ್ಲಿ, ಎಲ್ಲಿ ಕೇಳಿದರೂ ಕನ್ನಡವೇ ಬರೆದದ್ದು. ಆಫೀಸಿನ ಒಳಗೆ ತುಳು ಮಾತಾಡಿದರೆ ಮರ್ಯಾದೆ ಅಲ್ಲ ಎಂದು ನನ್ನ ಎಣಿಕೆ. ನಾನು ಮುಂಬಯಿಯಲ್ಲಿ ಹೋಟೆಲಿನ ಪ್ಲೇಟು ತೊಳೆದು, ರಾತ್ರಿ ಶಾಲೆಯಲ್ಲಿ ಮೂರು ಸಲ ಬಿಟ್ಟು ಸೇರಿ ಏಳನೆಯವರೆಗೆ ಕಲಿತದ್ದು. ಕಾಗದದ ಮೇಲೆ ಬರುವ ಭಾಷೆ ಕನ್ನಡ, ಬಾಯಿಯಲ್ಲಿ ಬರುವುದು ತುಳು, ಅಷ್ಟೇ ಗೊತ್ತು. ನೀಲಾವತಿ ಮೂರನೆಯಲ್ಲಿ ಬಿಟ್ಟವಳು.

"ಬೆಕ್ಕಿಗೆ ಅವರು ಎಂತ ಹೇಳುವುದು?"

"ಪುಚ್ಚೆ."

"ಮತ್ತೆ ಅವರ ಬಾಯಿಂದ ಬೆಕ್ಕು ಹೇಗೆ ಬರಬೇಕು?" ಮೇಡಂ ಬೈಯಲಿಲ್ಲ, ನಕ್ಕರು. "ನನ್ನದೂ ತಪ್ಪು. ನನ್ನ ಮನೆಯಲ್ಲಿ ಬ್ಯಾರಿ ಭಾಷೆ, ಆದರೂ ನಿಮ್ಮನ್ನು ಕೇಳಲಿಲ್ಲ ನೋಡಿ. ಎಲ್ಲ ಕಾರ್ಡು ಹೊಸತು ಮಾಡ್ಲಿಕ್ಕೆ ಎಷ್ಟು ದಿನ ಬೇಕು?"

"ಮನೆಯಲ್ಲಿ ಪ್ರಿಂಟರ್ ಉಂಟು ಮೇಡಂ" ಎಂದೆ. ಹೇಳುವಾಗ ನನ್ನ ಬೆನ್ನು ಸ್ವಲ್ಪ ನೆಟ್ಟಗಾಯಿತೋ ಏನೋ. "ನಾಳೆಗೆ ಆಗ್ತದೆ."

ನವೆಂಬರ್ 26, ಮಂಗಳವಾರ

ಕ್ಯಾಂಟೀನು ಮಧ್ಯಾಹ್ನಕ್ಕೇ ಮುಚ್ಚಿದೆ. ನಾನೇ ಫೋನಿನಲ್ಲಿ ಅಕ್ಷರ ಒತ್ತಿದೆ. ಕನ್ನಡ ಬರೆಯುವಾಗ ಒತ್ತು ಎಲ್ಲಿ, ದೀರ್ಘ ಎಲ್ಲಿ ಎಂದು ಎರಡೆರಡು ಸಲ ನೋಡುತ್ತೇನೆ ನಾನು. ತುಳು ಬರೆಯಲು ಯಾರೂ ಕಲಿಸಿಲ್ಲ, ತಪ್ಪು ಎಂದು ಹೇಳುವವರೂ ಇಲ್ಲ. ಬಾಯಿಯಲ್ಲಿ ಬಂದ ಹಾಗೆ ಬರೆದೆ. ಅನ್ನಕ್ಕೆ ನುಪ್ಪು. ಹಾಲಿಗೆ ಪೇರ್. ಕೋಳಿಗೆ ಕೋರಿ. ಒಂದೊಂದು ಹೊರಗೆ ಬರುವಾಗ ಅವಳಿಗೆ ತೋರಿಸಿ ಕಥೆ ಹೇಳಿದೆ. ಈ ಕೋರಿ ಬೀಪಾತುಮ್ಮನದ್ದು, ನಮ್ಮ ಅಂಗಳದಲ್ಲಿ ಮೊಟ್ಟೆ ಇಡುವ ಕಳ್ಳಿ, ನೆನಪುಂಟಾ, ಹೀಗೆ.

ಗಂಟಲು ಒಣಗಿದೆ. ಶೀತದ ಮುನ್ಸೂಚನೆಯೋ ಏನೋ.

ನವೆಂಬರ್ 28, ಗುರುವಾರ

ಪುಚ್ಚೆ ಎಂದಳು.

"ಪು" ಎಂದು ಮೊದಲು. ಮತ್ತೆ "ಚ್ಚೆ". ಬೀಪಾತುಮ್ಮ ಬಾಗಿಲಲ್ಲಿದ್ದರು. ಅಲ್ಲಾ ಎಂದು ಹೊಸ್ತಿಲಲ್ಲೇ ಕೂತರು. ನಾನು ಕ್ಯಾಂಟೀನಿನಲ್ಲಿ ಬನ್ಸಿಗೆ ಎರಡು ಸಲ ಸಕ್ಕರೆ ಹಾಕಿದೆ, ಯಾರೂ ದೂರು ಹೇಳಲಿಲ್ಲ.

ನವೆಂಬರ್ 30, ಶನಿವಾರ

ನುಪ್ಪು. ಪೇರ್. ನೀರ್. ನೀರ್ ಎನ್ನುವುದು ತುಂಬ ಸ್ಪಷ್ಟ. ಲೋಟ ಕೊಟ್ಟರೆ ಕುಡಿಯಲಿಲ್ಲ. ಸುಮ್ಮನೆ ಹೇಳಿ ನೋಡಿದ್ದೆಂದು ಕಾಣುತ್ತದೆ.

ಡಿಸೆಂಬರ್ 1, ಭಾನುವಾರ

ಯಾಕೆ ಈ ಕೆಲಸ ಮಾಡಿದೆನೋ.

ಇನ್ನು ಮನುಷ್ಯರ ಕಾರ್ಡು ಮಾಡುವ ಎಂದು ಸುರಕ್ಷಾ ಹೇಳಿದಳು. ಅವಳದ್ದು, ಬೀಪಾತುಮ್ಮನದ್ದು, ನನ್ನದು. ಪ್ರತಿಯೊಂದರ ಕೆಳಗೆ ಹೆಸರು. ನನ್ನ ಫೋಟೋ ಕ್ಯಾಂಟೀನಿನ ಒಲೆಯ ಮುಂದೆ ತೆಗೆದದ್ದು, ಚೆನ್ನಾಗಿ ಬಂದಿತ್ತು.

ಮಗಳದ್ದನ್ನು ಎದೆಗೆ ಒತ್ತಿಕೊಂಡಳು. "ಸುಚ್ಚ" ಎಂದಳು. ಸುರಕ್ಷಾ ಅತ್ತಳು. ಬೀಪಾತುಮ್ಮನದ್ದನ್ನು ಮುಟ್ಟಿ ಪಕ್ಕದ ಮನೆಯ ಕಡೆಗೆ ಕೈ ತೋರಿಸಿದಳು.

ನನ್ನದನ್ನು ಕೊಟ್ಟೆ. "ಶೇಷಪ್ಪ" ಎಂದು ಸುರಕ್ಷಾ ಓದಿ ಹೇಳಿದಳು. ನೀಲಾವತಿ ಹೆಸರಿನ ಮೇಲೆ ಬೆರಳು ಇಟ್ಟಳು, ತಲೆ ಅಲ್ಲಾಡಿಸಿದಳು, ಕಾರ್ಡನ್ನು ಕವುಚಿ ಹಾಕಿದಳು. ಪುನಃ ಕೊಟ್ಟೆವು. ಪುನಃ ಕವುಚಿದಳು. ಮೂರನೆಯ ಸಲ ದಿಂಬಿನ ಅಡಿಗೆ ದೂಡಿದಳು.

ಅವಳಿಗೆ ಎಲ್ಲರೂ ಗೊತ್ತುಂಟು. ನಾನೊಬ್ಬ ಗೊತ್ತಿಲ್ಲ.

ಡಿಸೆಂಬರ್ 2, ಸೋಮವಾರ

ಗಂಜಿ ಉಣ್ಣಿಸುವಾಗ ನನ್ನ ಮುಖ ನೋಡುತ್ತಾಳೆ. ಯಾರೆಂದು ನೋಡುತ್ತಾಳೋ? ಯಾರೋ ಒಬ್ಬ ಗಂಡಸು ಬಚ್ಚಲಿಗೆ ಕರೆದುಕೊಂಡು ಹೋಗುತ್ತಾನೆ ಎಂದು ಹೆದರುತ್ತಾಳೋ?

ಮೇಡಂಗೆ ಫೋನ್ ಮಾಡಲು ಧೈರ್ಯ ಬರಲಿಲ್ಲ.

ಡಿಸೆಂಬರ್ 3, ಮಂಗಳವಾರ

ಬೀಪಾತುಮ್ಮ ಬಂದು, "ಎಂತ ಶೇಷಪ್ಪ, ಎರಡು ದಿನದಿಂದ ನಿನ್ನ ಮಾತು ನಮ್ಮ ಅಂಗಳಕ್ಕೆ ಕೇಳುವುದಿಲ್ಲ?" ಎಂದರು.

ನನ್ನ ಮಾತು ಅಂಗಳದಾಚೆಗೆ ಕೇಳುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಉಪದ್ರ ಆಗುತ್ತಿತ್ತೇನೋ ಅವರಿಗೆ. ಕ್ಷಮೆ ಕೇಳಿ, ಕಾರ್ಡಿನ ವಿಷಯ ಹೇಳಿದೆ.

ಬೀಪಾತುಮ್ಮ ದಿಂಬಿನ ಅಡಿಯಿಂದ ಕಾರ್ಡು ತೆಗೆದರು. "ಇದರಲ್ಲಿ ಎಂತ ಬರೆದದ್ದು?"

"ನನ್ನ ಹೆಸರು."

"ನಿನ್ನ ಹೆಸರಾ!" ಅವರು ನಗಲು ಶುರು ಮಾಡಿದರು. ತಲೆಯ ಮೇಲಿನ ವಲ್ಲಿ ಜಾರಿತು. "ನಿನಗೆ ಬುದ್ಧಿ ಉಂಟಾ? ಮದುವೆಯಾಗಿ ಇಷ್ಟು ವರ್ಷದಲ್ಲಿ ಇವಳು ಒಂದು ದಿನ ನಿನ್ನ ಹೆಸರು ಹೇಳಿದ್ದುಂಟಾ?"

ನಾನು ಯೋಚಿಸಿದೆ. ಇಲ್ಲ. ಹಿಂದೆ ಆಸ್ಪತ್ರೆಯಲ್ಲಿ ಗಂಡನ ಹೆಸರು ಕೇಳಿದರೂ ಸುರಕ್ಷಾಳ ಕಡೆಗೆ ತಿರುಗಿ, ನೀನು ಹೇಳು ಎನ್ನುತ್ತಿದ್ದಳು.

"ಗಂಡನ ಹೆಸರು ಬಾಯಲ್ಲಿ ತೆಗೀತಾರಾ ಯಾರಾದರೂ? ನಾನು ನಮ್ಮವರ ಹೆಸರು ಮೊದಲು ಹೇಳಿದ್ದು ಅವರು ತೀರಿಹೋದ ಮೇಲೆ, ರೇಷನ್ ಆಫೀಸಿನಲ್ಲಿ. ಹೇಳಿ ಬಂದು ಮೂರು ದಿನ ಊಟ ಸೇರಲಿಲ್ಲ ನನಗೆ. ಇವಳಿಗೆ ತಲೆ ಸರಿ ಉಂಟು, ಅದಕ್ಕೇ ಕವುಚಿದ್ದು. ತಲೆ ಸರಿ ಇಲ್ಲದ್ದು ನಿನಗೆ." ಮತ್ತೆ ನೀಲಾವತಿಯ ಕಡೆಗೆ ತಿರುಗಿ, "ಅಲ್ವಾ ನೀಲೂ?" ಎಂದರು.

ನೀಲಾವತಿಯ ಮುಖ ಕೆಂಪಾಗಿತ್ತು. ಎಡಗೈಯಲ್ಲಿ ಸೆರಗು ಎಳೆದು ಬಾಯಿಗೆ ಇಟ್ಟುಕೊಂಡಳು. ಮದುವೆಯಾದ ವರ್ಷ ನೋಡಿದ ಮುಖ ಅದು.

ಡಿಸೆಂಬರ್ 4, ಬುಧವಾರ

ಮೇಡಂ ಫೋನಿನಲ್ಲಿ ತುಂಬ ಹೊತ್ತು ನಕ್ಕರು. "ಸರಿ, ಹೆಸರು ಬೇಡ. ನಿಮ್ಮನ್ನು ಎಂತ ಹೇಳಿ ಕರೀತಿದ್ದರು?"

ಏನೂ ಹೇಳಿ ಕರೆಯುತ್ತಿರಲಿಲ್ಲ. ಏನಾದರೂ ಹೇಳಬೇಕಾದರೆ "ತೂಲೆ" ಎನ್ನುತ್ತಿದ್ದಳು. ನೋಡಿ ಎಂದು. ತೂಲೆ, ಉಪ್ಪು ಮುಗಿದಿದೆ. ತೂಲೆ, ಬಾಗಿಲಲ್ಲಿ ಯಾರೋ ಬಂದಿದ್ದಾರೆ.

ಹೊಸ ಕಾರ್ಡು ತೆಗೆದೆ. ಮೇಲೆ ನಾನು, ಕೆಳಗೆ "ತೂಲೆ".

ಅವಳು ಅದನ್ನು ಕವುಚಲಿಲ್ಲ. ಸಂಜೆಯೊಳಗೆ ಆರೇಳು ಸಲ ಅದನ್ನು ಬೆರಳಲ್ಲಿ ಕುಟ್ಟಿ ಸದ್ದು ಮಾಡಿದಳು. ಪ್ರತಿ ಸಲ ನಾನು ಹೋಗಿ ನೋಡಿದೆ. ಎರಡು ಸಲ ಏನೂ ಬೇಕಿರಲಿಲ್ಲ.

ಡಿಸೆಂಬರ್ 9, ಸೋಮವಾರ

ಮೆಷಿನಿನಲ್ಲಿ ಹಳದಿ ದೀಪ ಮಿನುಗಲು ಶುರುವಾಯಿತು. ಹಬೆ ಬರುವ ಕಡುಬಿನ ಕಾರ್ಡು ತೆಗೆಯುತ್ತಿದ್ದೆ, ಅರ್ಧ ಕಾಗದ ಹೊರಗೆ, ಅರ್ಧ ಒಳಗೆ ನಿಂತಿತು. ಹೋಯಿತು ಎಂದುಕೊಂಡೆ. ಸ್ವಿಚ್ ತೆಗೆದೆ. ನಿಝಾರನಿಗೆ ಫೋನ್ ಮಾಡಿದೆ.

"ಎಂತದೂ ಇಲ್ಲ ಶೇಷಪ್ಪಣ್ಣ. ಹಳದಿ ಪುಡಿ ಕಡಿಮೆಯಾಗಿದೆ, ಇನ್ನೂ ಸುಮಾರು ಹಾಳೆ ಬರ್ತದೆ. ಕಾಗದ ಸಿಕ್ಕಿಕೊಂಡದ್ದು ಬೇರೆ. ಹಿಂದಿನ ಮುಚ್ಚಳ ತೆಗೆದು ಮೆಲ್ಲ ಎಳೀರಿ."

ಮುಚ್ಚಳ ತೆಗೆದೆ. ಒಳಗೆ ಬಿಸಿ. ಎಳೆದರೆ ಹರಿದೀತು, ಎಳೆಯದಿದ್ದರೆ ಒಳಗೇ ಅಂಟೀತು. ಕನ್ನಡಕ ತರಲು ಹೋದೆ. ಟಾರ್ಚು ತರಲು ಹೋದೆ. ಪುನಃ ಫೋನ್ ಮಾಡಲು ಅಂಗಳಕ್ಕೆ ಹೋದೆ, ಒಳಗೆ ಬಂದೆ. ನೀಲಾವತಿ ನನ್ನ ಕಾರ್ಡನ್ನು ಕುಟ್ಟಿದಳು. "ಒಂದು ನಿಮಿಷ" ಎಂದೆ. ಪುನಃ ಕುಟ್ಟಿದಳು. "ಈಗ ಬಂದೆ" ಎಂದು ಬಟ್ಟೆ ತರಲು ಹೊರಟೆ.

"ಕುಲ್ಲುಲೆ."

ಬಾಗಿಲಲ್ಲಿ ಯಾರಾದರೂ ಬಂದರೋ ಎಂದು ನೋಡಿದೆ. ಯಾರೂ ಇರಲಿಲ್ಲ.

"ಕುಲ್ಲುಲೆ" ಎಂದಳು ಇನ್ನೊಂದು ಸಲ. ಕೂತುಕೊಳ್ಳಿ ಎಂದು. ಕ್ಯಾಂಟೀನಿನಲ್ಲಿ ಗಿರಾಕಿಗಳಿಗೆ ಹೇಳುತ್ತಿದ್ದ ಹಾಗೆಯೇ, ಸ್ವಲ್ಪ ಜೋರಾಗಿ. ಎಡಗೈಯಲ್ಲಿ ಮಂಚದ ಅಂಚು ತಟ್ಟಿದಳು.

ಆ ಮಾತಿಗೆ ನಾವು ಕಾರ್ಡು ಮಾಡಿಯೇ ಇರಲಿಲ್ಲ. ಯಾವ ಚಿತ್ರ ಹಾಕಬೇಕೆಂದೂ ನನಗೆ ಗೊತ್ತಿಲ್ಲ. ಕುರ್ಚಿಯದ್ದೋ, ಮಣೆಯದ್ದೋ?

ನಾನು ಕೂತೆ. ಮೆಷಿನಿನ ಮುಚ್ಚಳ ತೆರೆದೇ ಇತ್ತು. ಎದ್ದು ಮುಚ್ಚಲಿಲ್ಲ.